ಮುಹೂರ್ತದ ಗಿರಾಕಿ ಲಿನ್ ಡಾನ್

ನಮ್ಮ ಬೆಳಗಿನ ಷಟಲ್ ಕೂಟದಲ್ಲಿ ರಾಜಕೀಯ ಮಾತನಾಡಬಾರದೆಂಬ ನಿಯಮವಿದೆ. ಆಟ ಮುಗಿಸಿ ಕಾಫಿಗೆ ಕುಳಿತಾಗ ಜಗಳವಾಗಬಾರದು ಎಂಬ ಸದುದ್ದೇಶ. ಆದರೆ ನಿಯಮ ಮಾಡಿದವರಿಗೆ ಲಿನ್ ಡಾನ್ ನೆನಪಾಗಿರಲಿಲ್ಲ. ಚೀನಾದ ಆ ಎಡಗೈ ಆಟಗಾರ 2020ರ ಜುಲೈ 4ರಂದೇ ನಿವೃತ್ತಿ ಘೋಷಿಸಿದ್ದರೂ ನಮ್ಮ ಮೇಜಿನ ಮೇಲೆ ಇನ್ನೂ ಸೇವೆಯಲ್ಲಿದ್ದಾನೆ. ಅವನ ಹೆಸರೆತ್ತಿದರೆ ಮೇಷ್ಟರು ಒಂದು ಕಡೆ, ಹಲ್ಲಿನ ಡಾಕ್ಟರು ಇನ್ನೊಂದು ಕಡೆ. ಮೇಷ್ಟರು ಗಣಿತ ಕಲಿಸಿದವರು, ಸ್ಕೋರುಗಳೆಲ್ಲ ಬಾಯಿಪಾಠ. ಡಾಕ್ಟರು ಮಲೇಷ್ಯಾದ ಲೀ ಚೊಂಗ್ ವೀಯ ಪರಮಭಕ್ತರು. ಭಕ್ತರೆಂದರೆ ಎಂಥವರು, ಲೀ ಸೋತ ಒಲಿಂಪಿಕ್ಸ್ ಫೈನಲ್‌ಗಳ ದಿನ ಕ್ಲಿನಿಕ್ಕಿಗೆ ಬಂದವರ ಹಲ್ಲುಗಳು ಅನಗತ್ಯವಾಗಿ ಉದುರಿದವು ಎಂಬ ಪುಕಾರಿದೆ. ರಾಯರ ಪಾಲಿಗೆ ಪ್ರಕಾಶ್ ಪಡುಕೋಣೆಯ ನಂತರ ಬ್ಯಾಡ್ಮಿಂಟನ್ ಮುಗಿಯಿತು, ಈಗಿನದು ಬರೀ ವ್ಯಾಯಾಮ. ವನಜಕ್ಕ ನಮ್ಮೆಲ್ಲರಿಗಿಂತ ಚೆನ್ನಾಗಿ ಆಡುತ್ತಾರೆ, ಆದ್ದರಿಂದ ಎಲ್ಲರಿಗಿಂತ ಕಡಿಮೆ ಮಾತನಾಡುತ್ತಾರೆ. ಸುಬ್ಬಣ್ಣ ಆಡುವುದೇ ಇಲ್ಲ. ಕಾಫಿಯ ಹೊತ್ತಿಗೆ ಬರುತ್ತಾನೆ, ಪ್ರಶ್ನೆ ಕೇಳುತ್ತಾನೆ, ಜಗಳ ಹತ್ತಿಸುತ್ತಾನೆ.

ಮೊನ್ನೆ ಹತ್ತಿಸಿದ್ದೂ ಅವನೇ. "ಅಲ್ಲ, ಈ ಲಿನ್ ಡಾನ್ ಅಷ್ಟು ದೊಡ್ಡವನಾಗಿದ್ದರೆ ಅಷ್ಟೊಂದು ಸಲ ಸೋತದ್ದು ಏಕೆ?" ಎಂದ.

"ಎಲ್ಲಿ ಸೋಲಬೇಕು ಎಂದು ಗೊತ್ತಿತ್ತು, ಅದಕ್ಕೆ" ಎಂದರು ಮೇಷ್ಟರು.

ಡಾಕ್ಟರು ಲೋಟ ಕೆಳಗಿಟ್ಟರು. ಯುದ್ಧಕ್ಕೆ ಶಂಖ ಊದಿದಂತಾಯಿತು.

"ಬುಡದಿಂದ ಹೇಳಿ" ಎಂದ ಸುಬ್ಬಣ್ಣ. ಮೇಷ್ಟರಿಗೆ ಬೇಕಾದದ್ದೂ ಅದೇ.

"ಹುಟ್ಟಿದ್ದು 1983ರ ಅಕ್ಟೋಬರ್ 14ರಂದು. ಚೀನಾದ ಆಗ್ನೇಯ ಕರಾವಳಿಯಲ್ಲಿ ಫ್ಯೂಜಿಯನ್ ಎಂಬ ಪ್ರಾಂತ್ಯ, ಅದರ ಒಳಭಾಗದ ಗುಡ್ಡಗಾಡಿನಲ್ಲಿ ಲಾಂಗ್ಯಾನ್ ಎಂಬ ಊರು. ಹುಡುಗ ಪಿಯಾನೊ ಕಲಿಯಲಿ ಎಂದು ತಂದೆ ತಾಯಿಗೆ ಆಸೆ. ಇವನು ಐದನೆಯ ವಯಸ್ಸಿಗೇ ರ‍್ಯಾಕೆಟ್ ಹಿಡಿದ."

"ನಮ್ಮಲ್ಲಾಗಿದ್ದರೆ ಎರಡನ್ನೂ ಬಿಡಿಸಿ ಸಿಇಟಿ ಕೋಚಿಂಗಿಗೆ ಹಾಕುತ್ತಿದ್ದರು" ಎಂದ ಸುಬ್ಬಣ್ಣ. ಅವನ ಮಗ ಸಿಇಟಿ ಬರೆಯುತ್ತಿದ್ದಾನೆ.

"ಕೇಳು ಮುಂದಕ್ಕೆ. ರಾಷ್ಟ್ರೀಯ ಕಿರಿಯರ ಚಾಂಪಿಯನ್ ಆದ. ಹನ್ನೆರಡನೆಯ ವಯಸ್ಸಿಗೆ ಸೇನೆಯ ಕ್ರೀಡಾ ದಳಕ್ಕೆ ಸೇರಿಸಿಕೊಂಡರು. ಚೀನಾದ ಸೇನೆಗೆ ತನ್ನದೇ ಕ್ರೀಡಾ ತಂಡಗಳಿವೆ. ಹದಿನೆಂಟು ತುಂಬುವ ಹೊತ್ತಿಗೆ ರಾಷ್ಟ್ರೀಯ ತಂಡ. 2002ರಲ್ಲಿ ಕೊರಿಯಾ ಓಪನ್ ಗೆದ್ದ. 2004ರ ಫೆಬ್ರುವರಿಯಲ್ಲಿ ವಿಶ್ವದ ನಂಬರ್ ಒನ್, ಮಾರ್ಚ್‌ನಲ್ಲಿ ಡೆನ್ಮಾರ್ಕಿನ ಪೀಟರ್ ಗೇಡ್‌ನನ್ನು ಸೋಲಿಸಿ ಬ್ಯಾಡ್ಮಿಂಟನ್ನಿನ ಹಳೆಯ, ಪ್ರತಿಷ್ಠಿತ ಟೂರ್ನಿ ಆಲ್ ಇಂಗ್ಲೆಂಡ್."

"ಆಗಸ್ಟ್‌ನಲ್ಲಿ ಏನಾಯಿತು, ಅದನ್ನೂ ಹೇಳಿ" ಎಂದರು ಡಾಕ್ಟರು, ಅತಿ ಮಧುರವಾಗಿ. ಅರಿವಳಿಕೆ ಕೊಡುವ ಮೊದಲು ರೋಗಿಯೊಂದಿಗೆ ಮಾತನಾಡುವ ಧ್ವನಿ ಅದು.

ಮೇಷ್ಟರು ಕೆಮ್ಮಿದರು. "ಆಗಸ್ಟ್‌ನಲ್ಲಿ ಅಥೆನ್ಸ್ ಒಲಿಂಪಿಕ್ಸ್. ಅಗ್ರ ಶ್ರೇಯಾಂಕ. ಮೊದಲ ಪಂದ್ಯದಲ್ಲೇ ಸಿಂಗಪುರದ ರೊನಾಲ್ಡ್ ಸುಸಿಲೊ ಎದುರು 12–15, 10–15."

"ಸುಸಿಲೊ ಯಾರು?"

"ಆ ದಿನ ಲಿನ್ ಡಾನ್‌ನನ್ನು ಸೋಲಿಸಿದವನು."

"ಅದರ ಮುಂಚೆ?"

"ಸುಬ್ಬಣ್ಣ, ಕಾಫಿ ಆರುತ್ತದೆ, ಕುಡಿ."

ಸುಸಿಲೊ ಅಡ್ಡಾದಿಡ್ಡಿ ಆಟಗಾರನೇನಲ್ಲ, ಅದನ್ನು ನಾನು ಹೇಳಲೇಬೇಕು. ಆದರೆ ಇಡೀ ಚೀನಾ ಚಿನ್ನದ ಪದಕಕ್ಕೆ ಮೊಳೆ ಹೊಡೆದು ಕಾಯುತ್ತಿದ್ದಾಗ ಇಪ್ಪತ್ತರ ಹುಡುಗ ಮೊದಲ ಸುತ್ತಿನಲ್ಲೇ ಗಂಟು ಮೂಟೆ ಕಟ್ಟಿದ್ದು ಸಣ್ಣ ಸುದ್ದಿಯಾಗಲಿಲ್ಲ. ಚಿನ್ನ ಇಂಡೊನೇಷ್ಯಾದ ತೌಫಿಕ್ ಹಿದಾಯತ್ ಪಾಲಾಯಿತು. ಮರುವರ್ಷ ಅಮೆರಿಕದ ಅನಾಹೈಮ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್ ಫೈನಲ್, ಎದುರಿಗೆ ಅದೇ ತೌಫಿಕ್. 3–15, 7–15. ಸ್ಕೋರು ಕೇಳಿದರೆ ತೌಫಿಕ್ ಮಧ್ಯಾಹ್ನದ ಊಟಕ್ಕೆ ಅವಸರದಲ್ಲಿದ್ದನೇನೋ ಅನ್ನಿಸುತ್ತದೆ.

"ತೌಫಿಕ್‌ನ ಬ್ಯಾಕ್‌ಹ್ಯಾಂಡ್!" ಎಂದು ರಾಯರು ಕಣ್ಣು ಮುಚ್ಚಿದರು. "ಅದು ಮಣಿಕಟ್ಟಿನ ಆಟ. ನಮ್ಮ ಪ್ರಕಾಶ್‌ದು ಅಂಥದೇ ಮಣಿಕಟ್ಟು. 1980ರ ಆಲ್ ಇಂಗ್ಲೆಂಡ್ ಫೈನಲ್, ಲೀಮ್ ಸ್ವೀ ಕಿಂಗ್ ಎದುರು 15–3, 15–10. ಮರುವರ್ಷ ವಿಶ್ವಕಪ್ ಫೈನಲ್, ಚೀನಾದ ಹಾನ್ ಜಿಯಾನ್ ಎದುರು 15–0, 18–16. ಸೊನ್ನೆ, ಸ್ವಾಮಿ, ಸೊನ್ನೆ! ಚೀನಾದವನಿಗೆ ಸೊನ್ನೆ!"

ರಾಯರು ಎಲ್ಲಿಂದ ಹೊರಟರೂ ಈ ಸೊನ್ನೆಗೇ ಬಂದು ಸೇರುತ್ತಾರೆ. ಯಾರೂ ತಡೆಯುವುದಿಲ್ಲ. ಸೊನ್ನೆ ನಿಜ, ಹಾನ್ ಜಿಯಾನ್ ಸಾಮಾನ್ಯನಲ್ಲದ್ದೂ ನಿಜ. ಎರಡನೆಯ ಗೇಮಿನಲ್ಲಿ ಅವನು 16 ಪಾಯಿಂಟ್ ಗಳಿಸಿದ್ದನ್ನು ಮಾತ್ರ ರಾಯರು ಮೆಲ್ಲಗೆ ಹೇಳುತ್ತಾರೆ.

ಆದರೆ ರಾಯರ ಮಾತಿನಲ್ಲೊಂದು ಎಳೆ ಇದೆ, ಅದನ್ನು ಎಳೆದದ್ದು ವನಜಕ್ಕ. "ಪ್ರಕಾಶ್ ಅವರ ಕಾಲಕ್ಕೂ ಮೊದಲೇ ಚೀನಾದಲ್ಲಿ ಟಾಂಗ್ ಶಿಯಾನ್‌ಹು ಎಂಬ ಆಟಗಾರ ಇದ್ದರು. ಹುಟ್ಟಿದ್ದು ಇಂಡೊನೇಷ್ಯಾದಲ್ಲಿ, ಆಡಿದ್ದು ಚೀನಾಕ್ಕೆ. ಚೀನಾ ಆಗ ಅಂತರರಾಷ್ಟ್ರೀಯ ಫೆಡರೇಷನ್ನಿನಲ್ಲಿ ಇರಲಿಲ್ಲ, ಸೇರಿದ್ದು 1981ರಲ್ಲಿ. ಹಾಗಾಗಿ ಅವರಿಗೆ ಆಲ್ ಇಂಗ್ಲೆಂಡೂ ಇಲ್ಲ, ಪುರುಷರ ತಂಡಗಳ ಥಾಮಸ್ ಕಪ್ಪೂ ಇಲ್ಲ. ಆಮೇಲೆ ಇಂಡೊನೇಷ್ಯಾಕ್ಕೆ ಹೋಗಿ ಕೋಚ್ ಆಗಿ ಅಲ್ಲಿನವರನ್ನು ಒಲಿಂಪಿಕ್ಸ್ ಚಿನ್ನದವರೆಗೆ ತಂದರು. ಹುಟ್ಟಿದ ದೇಶ ಅವರಿಗೆ ಪೌರತ್ವ ಕೊಡಲಿಲ್ಲ. 1998ರಲ್ಲಿ ಚೀನಾಕ್ಕೆ ಮರಳಿದರು. ಲಿನ್ ಡಾನ್‌ನನ್ನು ತಿದ್ದಿದವರು ಅವರೇ."

"ಅಂದರೆ ಇಂಡೊನೇಷ್ಯಾದ ಯಾವುದೋ ಕಚೇರಿಯಲ್ಲಿ ಒಬ್ಬ ಗುಮಾಸ್ತ ಫೈಲು ತಳ್ಳಿಬಿಟ್ಟಿದ್ದರೆ ಲಿನ್ ಡಾನ್ ಆಗುತ್ತಲೇ ಇರಲಿಲ್ಲ?" ಎಂದ ಸುಬ್ಬಣ್ಣ. ಅವನು ಸರ್ಕಾರಿ ನೌಕರ. ಕಡತದ ಮಹಿಮೆ ಅವನಿಗೆ ನಮಗಿಂತ ಚೆನ್ನಾಗಿ ಗೊತ್ತು.

"ಗುರು ಎಷ್ಟೇ ದೊಡ್ಡವರಾಗಲಿ, ಕೈ ಎಡಗೈ ಆದದ್ದು ಅವನ ಅದೃಷ್ಟ" ಎಂದರು ಡಾಕ್ಟರು.

ವನಜಕ್ಕನೂ ಎಡಗೈಯವರು. ಮಾತನಾಡದೆ ಚೀಲದಿಂದ ಒಂದು ಹಳೆಯ ಷಟಲ್ ತೆಗೆದು ಮೇಜಿನ ಮೇಲಿಟ್ಟರು. "ಎಣಿಸಿ" ಎಂದರು. ಹದಿನಾರು ಗರಿ. "ಒಂದರ ಅಂಚು ಇನ್ನೊಂದರ ಮೇಲೆ ಹೇಗೆ ಕೂತಿದೆ ನೋಡಿ. ಎಲ್ಲವೂ ಒಂದೇ ಕಡೆಗೆ. ಅದಕ್ಕೇ ಗಾಳಿಯಲ್ಲಿ ಇದು ಯಾವಾಗಲೂ ಒಂದೇ ದಿಕ್ಕಿಗೆ ತಿರುಗುತ್ತದೆ. ಬಲಗೈಯವರು ಕತ್ತರಿಸಿ ಹೊಡೆದರೆ ಆ ತಿರುಗುವಿಕೆಗೆ ಒಂದು ರೀತಿ ತಾಗುತ್ತದೆ, ಎಡಗೈಯವರು ಹೊಡೆದರೆ ಇನ್ನೊಂದು ರೀತಿ. ಒಂದೇ ಹೊಡೆತ, ಎರಡು ನಡತೆ. ಬಲಗೈಯವರ ಜೊತೆ ಆಡಿ ಬೆಳೆದವರಿಗೆ ಇದು ಅಭ್ಯಾಸವೇ ಇರುವುದಿಲ್ಲ." ಷಟಲನ್ನು ಬೆರಳ ತುದಿಯಲ್ಲಿ ಒಮ್ಮೆ ತಿರುಗಿಸಿ ಚೀಲಕ್ಕೆ ಹಾಕಿಕೊಂಡರು. "ಅದೃಷ್ಟ ಇರಬಹುದು ಡಾಕ್ಟರೇ, ಆದರೆ ನಾನೂ ಎಡಗೈ. ನನಗೆ ಯಾರೂ ಒಲಿಂಪಿಕ್ಸ್ ಚಿನ್ನ ಕೊಡಲಿಲ್ಲ."

ಡಾಕ್ಟರು ಸುಮ್ಮನಾದರು. ವನಜಕ್ಕನ ಡ್ರಾಪ್ ಹೊಡೆತಕ್ಕೆ ಆ ಬೆಳಗ್ಗೆಯೇ ಅವರು ಮುಗ್ಗರಿಸಿ ಬಿದ್ದಿದ್ದರು.

ಮೇಷ್ಟರು ಮತ್ತೆ ಲಗಾಮು ಹಿಡಿದರು. 2006ರಿಂದ ಆಟದ ಲೆಕ್ಕವೇ ಬದಲಾಯಿತು. ಹದಿನೈದರ ಪದ್ಧತಿ ಹೋಗಿ ಇಪ್ಪತ್ತೊಂದರದ್ದು ಬಂತು, ಸರ್ವಿಸ್ ಯಾರದೇ ಇರಲಿ ಪ್ರತಿ ರ‍್ಯಾಲಿಗೂ ಪಾಯಿಂಟ್. ಆ ವರ್ಷ ಮ್ಯಾಡ್ರಿಡ್‌ನಲ್ಲಿ ಲಿನ್ ಡಾನ್ ತನ್ನದೇ ತಂಡದ ಬಾವ್ ಚುನ್‌ಲಾಯ್‌ನನ್ನು ಸೋಲಿಸಿ ಮೊದಲ ವಿಶ್ವ ಕಿರೀಟ ತೊಟ್ಟ. 2007ರಲ್ಲಿ ಕ್ವಾಲಾಲಂಪುರದಲ್ಲಿ ಎರಡನೆಯದು. ಮೂರನೆಯದು 2009ರಲ್ಲಿ, ನಮ್ಮ ಪಕ್ಕದ ಹೈದರಾಬಾದಿನಲ್ಲಿ. ಭಯೋತ್ಪಾದನೆಯ ಬೆದರಿಕೆಯೆಂದು ಇಂಗ್ಲೆಂಡ್ ತಂಡ ವಾಪಸು ಹೋದ ಕೂಟ ಅದು. ಅಲ್ಲಿ ಚೆನ್ ಜಿನ್‌ನನ್ನು ಮಣಿಸಿದಾಗ, ಪುರುಷರ ಸಿಂಗಲ್ಸ್‌ನಲ್ಲಿ ಮೂರು ಸಲ ವಿಶ್ವ ಚಾಂಪಿಯನ್ ಆದ ಮೊದಲಿಗನೆಂಬ ಹೆಸರೂ ಬಂತು.

"ನಡುವೆ ಒಂದು ವರ್ಷ ಹಾರಿಸಿದಿರಿ" ಎಂದರು ಡಾಕ್ಟರು. "2008ರ ಜನವರಿ. ಕೊರಿಯಾ ಓಪನ್ ಫೈನಲ್. ಗೆರೆಯ ತೀರ್ಪು ಸರಿಯಿಲ್ಲವೆಂದು ಎದುರು ತಂಡದ ಕೋಚ್ ಲಿ ಮಾವ್ ಜೊತೆ ನೂಕಾಟ! ಇದೇನಾ ನಿಮ್ಮ ಮಹಾಪುರುಷನ ಲಕ್ಷಣ?"

"ಸಿಟ್ಟಿನವನು, ಒಪ್ಪಿಕೊಂಡೆ. ಆದರೆ ಅದೇ ವರ್ಷದ ಆಗಸ್ಟ್ ನೋಡಿ. ಬೀಜಿಂಗ್ ಒಲಿಂಪಿಕ್ಸ್. ತವರಿನ ಜನ, ಅಥೆನ್ಸಿನ ಅವಮಾನ ತಲೆಯ ಮೇಲೆ. ಫೈನಲ್‌ನಲ್ಲಿ ಎದುರಿಗೆ ಯಾರು?"

ಡಾಕ್ಟರು ಕಿಟಕಿಯ ಕಡೆ ನೋಡಿದರು.

"ಯಾರು ಡಾಕ್ಟರೇ?"

"ಲೀ ಚೊಂಗ್ ವೀ."

"ಸ್ಕೋರು?"

"ನಿಮಗೇ ಗೊತ್ತಿದೆಯಲ್ಲ."

"21–12, 21–8" ಎಂದರು ಮೇಷ್ಟರು, ಮಗ್ಗಿ ಒಪ್ಪಿಸುವವರಂತೆ. "ಗೆದ್ದ ಮೇಲೆ ಬೂಟು ಬಿಚ್ಚಿ ಪ್ರೇಕ್ಷಕರ ಕಡೆ ಎಸೆದ. ಆಮೇಲೆ ನೆಟ್ಟಗೆ ನಿಂತು ಮಿಲಿಟರಿ ಸಲ್ಯೂಟ್ ಹೊಡೆದ."

"ಬೂಟು ಎಸೆದವನು ಮನೆಗೆ ಹೇಗೆ ಹೋದ?" ಎಂದ ಸುಬ್ಬಣ್ಣ.

ಈ ಪ್ರಶ್ನೆಗೆ ಯಾರ ಬಳಿಯೂ ಉತ್ತರವಿರಲಿಲ್ಲ. ನಮ್ಮ ಕಡೆ ದೇವಸ್ಥಾನದ ಮುಂದೆ ಚಪ್ಪಲಿ ಕಳೆದುಕೊಂಡವರು ಹೋಗುವ ಹಾಗೆಯೇ ಹೋಗಿರಬೇಕು ಎಂದು ರಾಯರು ತೀರ್ಮಾನಿಸಿದರು.

ಈಗ ಡಾಕ್ಟರ ಸರದಿ. ಅವರು ಲೀ ಚೊಂಗ್ ವೀ ಬಗ್ಗೆ ಮಾತನಾಡುವಾಗ ಮಾತು ಶಾಂತವಾಗುತ್ತದೆ, ಅದೇ ಅಪಾಯ. "ನೋಡಿ, ಲೀ ಒಟ್ಟು 349 ವಾರ ವಿಶ್ವದ ನಂಬರ್ ಒನ್ ಆಗಿದ್ದವನು. ಜನವರಿ, ಜೂನ್, ಡಿಸೆಂಬರ್, ಯಾವ ಟೂರ್ನಿಗೆ ಹೋದರೂ ಸೆಮಿಫೈನಲ್‌ನಲ್ಲಿ ಅವನಿರುತ್ತಾನೆ. ದೇಶಕ್ಕೆ ಇನ್ನೊಬ್ಬ ಅಂಥ ಆಟಗಾರ ಇಲ್ಲ, ಎಲ್ಲ ಭಾರವೂ ಅವನ ಮೇಲೇ. ಆದರೂ ಒಲಿಂಪಿಕ್ಸ್ ಚಿನ್ನ ಇಲ್ಲ, ವಿಶ್ವ ಚಾಂಪಿಯನ್ ಪಟ್ಟ ಇಲ್ಲ. 2008, 2012, 2016, ಮೂರಕ್ಕೆ ಮೂರೂ ಬೆಳ್ಳಿ. ಯಾಕೆ? ಏಕೆಂದರೆ ನಾಲ್ಕು ಪಾಯಿಂಟ್."

"ಯಾವ ನಾಲ್ಕು?"

"2011, ಲಂಡನ್ನಿನ ವೆಂಬ್ಲಿ ಅರೀನಾ, ವಿಶ್ವ ಚಾಂಪಿಯನ್‌ಷಿಪ್ ಫೈನಲ್. ಮಾರ್ಚ್‌ನಲ್ಲಿ ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ ಲೀ ಇದೇ ಲಿನ್ ಡಾನ್‌ನನ್ನು ನೇರ ಗೇಮುಗಳಲ್ಲಿ ಸೋಲಿಸಿದ್ದ. ಆಗಸ್ಟ್‌ನಲ್ಲಿ ಮೂರನೆಯ ಗೇಮಿನವರೆಗೆ ಹೋಯಿತು. ಲೀ ಕೈಯಲ್ಲಿ ಎರಡು ಮ್ಯಾಚ್ ಪಾಯಿಂಟ್. ಎರಡೂ ಹೋದವು. 23–21. ವರ್ಷ ತುಂಬುವುದರೊಳಗೆ ಒಲಿಂಪಿಕ್ಸ್ ಫೈನಲ್, ಅದೇ ವೆಂಬ್ಲಿ ಅರೀನಾ, ಅದೇ ಇಬ್ಬರು. ಮೊದಲ ಗೇಮ್ ಲೀಗೆ, ಎರಡನೆಯದು ಅವನಿಗೆ, ಮೂರನೆಯದರಲ್ಲಿ 19–19. ಮುಗಿದಾಗ 21–19. ಎರಡು ಮತ್ತು ಎರಡು, ನಾಲ್ಕು. ನಾಲ್ಕು ಪಾಯಿಂಟಿಗೆ ಒಬ್ಬ ಮನುಷ್ಯನ ಜಾತಕವೇ ಬದಲಾಯಿತು."

ಸುಬ್ಬಣ್ಣ ಕೂಡ ಮಾತನಾಡಲಿಲ್ಲ. ನಾನೂ ಲೋಟದ ತಳ ನೋಡುತ್ತ ಕುಳಿತೆ. ಮೇಷ್ಟರು ಮಾತ್ರ ಅಂಗಿಯ ಜೇಬಿನಿಂದ ಪೆನ್ನು ತೆಗೆದು ಪೇಪರ್ ನ್ಯಾಪ್ಕಿನ್ ಮೇಲೆ ಕೂಡಿಸಿದರು. "2011ರಲ್ಲಿ ಒಟ್ಟು ಪಾಯಿಂಟು ಲಿನ್ 64, ಲೀ 57. 2012ರಲ್ಲಿ ಲಿನ್ 57, ಲೀ 50. ಎರಡರಲ್ಲೂ ವ್ಯತ್ಯಾಸ ಏಳು. ನಾಲ್ಕಲ್ಲ, ಹದಿನಾಲ್ಕು."

"ನಿಮಗೆ ಹೃದಯವಿದೆಯೇ ಮೇಷ್ಟರೇ?" ಎಂದರು ಡಾಕ್ಟರು.

"ಇದೆ. ಎಡಭಾಗದಲ್ಲಿದೆ."

ಲಂಡನ್ನಿನಲ್ಲಿ ಗೆದ್ದವನು ಅಂಗಣವೆಲ್ಲ ಓಡಾಡಿ ಅಂಗಿ ಕಿತ್ತೆಸೆದದ್ದು ರಾಯರಿಗೆ ಇವತ್ತಿಗೂ ಸಹಿಸಲಾಗುವುದಿಲ್ಲ. ಎಡ ತೋಳಿನ ಮೇಲ್ಭಾಗದಲ್ಲಿ ಶಿಲುಬೆಯ ಹಚ್ಚೆ, ಕೆಳಗೆ ಐದು ನಕ್ಷತ್ರ. "ಸೇನೆಯವನ ಮೈಮೇಲೆ ಇದೆಲ್ಲ ಏನು? ಪ್ರಕಾಶ್ ಗೆದ್ದಾಗ ಎದುರಾಳಿಯ ಕೈ ಕುಲುಕಿ ಟವೆಲಿನಿಂದ ಮುಖ ಒರೆಸಿಕೊಂಡರು, ಅಷ್ಟೇ" ಎಂದರು. ರಾಯರ ಅಭಿರುಚಿಯಲ್ಲಿ ಸಂಭ್ರಮಕ್ಕೆ ಟವೆಲ್ಲೇ ಗರಿಷ್ಠ ಮಿತಿ. ನನಗೇನೋ ಅಂಗಿ ಕಿತ್ತದ್ದು ತಪ್ಪೆನಿಸುವುದಿಲ್ಲ. ಒಲಿಂಪಿಕ್ಸ್‌ನ ಪುರುಷರ ಸಿಂಗಲ್ಸ್ ಚಿನ್ನವನ್ನು ಬೆನ್ನು ಬೆನ್ನಿಗೆ ಎರಡು ಸಲ ಅದುವರೆಗೆ ಯಾರೂ ಗೆದ್ದಿರಲಿಲ್ಲ. ಅಂಥ ದಿನ ಅಂಗಿ ಬಿಚ್ಚದವನು ಇನ್ಯಾವತ್ತು ಬಿಚ್ಚುತ್ತಾನೆ?

"ಆ ವರ್ಷದ ಸೆಪ್ಟೆಂಬರ್‌ನಲ್ಲಿ ಮದುವೆಯೂ ಆಯಿತು" ಎಂದರು ವನಜಕ್ಕ. "ಹುಡುಗಿ ಷಿಯೆ ಶಿಂಗ್‌ಫಾಂಗ್. ಅವಳೂ ಎರಡು ಸಲ ವಿಶ್ವ ಚಾಂಪಿಯನ್, ಬೀಜಿಂಗ್‌ನಲ್ಲಿ ಬೆಳ್ಳಿ. ಮದುವೆ ಮಾಡಿಕೊಂಡದ್ದು ಎಲ್ಲಿ ಗೊತ್ತೇ? ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಬ್ಯಾಡ್ಮಿಂಟನ್ ನಡೆದ ಅದೇ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ."

ರಾಯರು ಕುರ್ಚಿಯಲ್ಲಿ ಒಮ್ಮೆಲೇ ಮುಂದೆ ಬಂದರು. ಇಷ್ಟು ಹೊತ್ತು ಅವರು ಕಾಯುತ್ತಿದ್ದ ಚೆಂಡು ಇದೇ. "ನೋಡಿದಿರಾ! ನಮ್ಮ ಪ್ರಕಾಶ್ ಆಟ ಕಲಿತದ್ದು ಎಲ್ಲಿ? ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆ ಹಾಲ್‌ನಲ್ಲಿ. ಮದುವೆ ಇಲ್ಲದ ದಿನ ಆಟ, ಮದುವೆ ಇದ್ದ ದಿನ ಆಟಕ್ಕೆ ರಜ. ಹಾಲ್ ಯಾವಾಗ ಖಾಲಿಯಾಗುತ್ತದೋ ಎಂದು ಹುಡುಗರು ಕಾದು ಕೂರಬೇಕು. ನಾವು ಮದುವೆ ಮನೆಯಲ್ಲಿ ಷಟಲ್ ಆಡಿ ಆಲ್ ಇಂಗ್ಲೆಂಡ್ ಗೆದ್ದೆವು. ಅವರು ಷಟಲ್ ಅಂಗಣದಲ್ಲಿ ಮದುವೆಯಾದರು. ಯಾವುದು ದೊಡ್ಡದು?"

"ಊಟ ಎಲ್ಲಿ ಚೆನ್ನಾಗಿತ್ತು, ಅದು ದೊಡ್ಡದು" ಎಂದ ಸುಬ್ಬಣ್ಣ.

ಇಲ್ಲಿಂದ ಮುಂದಿನದು ಮೇಷ್ಟರಿಗೂ ಡಾಕ್ಟರಿಗೂ ನಡುವಿನ ಗಡಿ ವಿವಾದ. ಸಂಧಾನಕ್ಕೆ ಹೋದವರು ಪೆಟ್ಟು ತಿಂದೇ ಬಂದಿದ್ದಾರೆ. 2013ರ ವಿಶ್ವ ಚಾಂಪಿಯನ್‌ಷಿಪ್, ಗುವಾಂಗ್‌ಝೌ.

ಲಂಡನ್ ನಂತರ ಲಿನ್ ಡಾನ್ ಹೆಚ್ಚುಕಡಿಮೆ ಮಾಯವಾಗಿಬಿಟ್ಟಿದ್ದ. ಮದುವೆ, ಜಾಹೀರಾತು, ವಿಶ್ರಾಂತಿ. 2013ರ ಏಪ್ರಿಲ್‌ನಲ್ಲಿ ಏಷ್ಯನ್ ಚಾಂಪಿಯನ್‌ಷಿಪ್‌ಗೆ ಬಂದವನು ಅರ್ಧಕ್ಕೇ ಹಿಂದೆ ಸರಿದ. ಆಡದೆ ಕುಳಿತರೆ ರ‍್ಯಾಂಕಿಂಗ್ ಪಾಯಿಂಟು ಎಲ್ಲಿಂದ ಬರಬೇಕು? ಪಟ್ಟಿಯಲ್ಲಿ ಅವನ ಹೆಸರು ಹುಡುಕಬೇಕಾದರೆ ಕನ್ನಡಕ ಬೇಕಾಗಿತ್ತು. ಅತ್ತ ಲೀ ವರ್ಷವಿಡೀ ಊರೂರು ಸುತ್ತಿ, ಗೆದ್ದು, ಬೆವರಿಳಿಸಿ ನಂಬರ್ ಒನ್ ಸ್ಥಾನ ಕಾಯ್ದುಕೊಂಡಿದ್ದ. ಆಗಸ್ಟ್ ಬಂತು. ಆಯೋಜಕರು ಲಿನ್ ಡಾನ್‌ಗೆ ವೈಲ್ಡ್ ಕಾರ್ಡ್, ಅಂದರೆ ರ‍್ಯಾಂಕಿಂಗ್ ನೋಡದ ವಿಶೇಷ ಪ್ರವೇಶ, ಕೊಟ್ಟು ಕರೆದರು.

ಮದುವೆ ಮನೆಗಳಲ್ಲಿ ನಾವೆಲ್ಲ ನೋಡಿದ್ದೇವೆ. ಒಬ್ಬ ಚಪ್ಪರ ಹಾಕಿದ ದಿನದಿಂದ ತರಕಾರಿ ತಂದು, ನೆಂಟರನ್ನು ಸ್ಟೇಷನ್ನಿನಿಂದ ಕರೆತಂದು, ರಾತ್ರಿಯೆಲ್ಲ ನಿದ್ದೆಗೆಟ್ಟು ಓಡಾಡುತ್ತಾನೆ. ಇನ್ನೊಬ್ಬ ಮುಹೂರ್ತಕ್ಕೆ ಸರಿಯಾಗಿ ಗರಿಗರಿ ಪಂಚೆಯಲ್ಲಿ ಬಂದು ಮೊದಲ ಸಾಲಿನಲ್ಲಿ ಕೂರುತ್ತಾನೆ. ವಿಡಿಯೊದಲ್ಲಿ ಬರುವುದು ಎರಡನೆಯವನು. ಗುವಾಂಗ್‌ಝೌನಲ್ಲಿ ಆದದ್ದು ಅದೇ. ವೈಲ್ಡ್ ಕಾರ್ಡ್ ಹಿಡಿದು ಬಂದವನು ಕ್ವಾರ್ಟರ್ ಫೈನಲ್‌ನಲ್ಲಿ ತನ್ನದೇ ದೇಶದ ಚೆನ್ ಲಾಂಗ್‌ನನ್ನು, ಸೆಮಿಯಲ್ಲಿ ವಿಯೆಟ್ನಾಮಿನ ನುಯೆನ್ ತಿಯೆನ್ ಮಿನ್‌ನನ್ನು ದಾಟಿ ಫೈನಲ್‌ಗೆ ಬಂದು ನಿಂತ. ಎದುರಿಗೆ ಮತ್ತೆ ಲೀ.

"ಮೊದಲ ಗೇಮ್ ಲೀ 21–16" ಎಂದರು ಡಾಕ್ಟರು. "ಎರಡನೆಯ ಗೇಮ್ ಹೊತ್ತಿಗೆ ಸಭಾಂಗಣ ಬಿಸಿ ಬಿಸಿ. ಎ.ಸಿ. ಆರಿಸಿಬಿಟ್ಟಿದ್ದರು ಎಂದು ಲೀ ಬಹಿರಂಗವಾಗಿಯೇ ದೂರಿದ."

"ಬಿಸಿ ಇಬ್ಬರಿಗೂ ಒಂದೇ ಅಲ್ಲವೇ?" ಎಂದರು ಮೇಷ್ಟರು.

"ಇಬ್ಬರಿಗೂ ಒಂದೇ ಹೇಗಾಗುತ್ತದೆ? ಒಬ್ಬ ಇಡೀ ವರ್ಷ ದುಡಿದು ಬಂದವನು, ಇನ್ನೊಬ್ಬ ಇಡೀ ವರ್ಷ ಮಲಗಿ ಎದ್ದು ಬಂದವನು!"

"ಮಲಗಿ ಎದ್ದವನು ಗೆಲ್ಲುವುದಾದರೆ ನಮ್ಮ ಸುಬ್ಬಣ್ಣ ಇಷ್ಟು ಹೊತ್ತಿಗೆ ಒಲಿಂಪಿಕ್ಸ್ ಗೆದ್ದಿರಬೇಕಿತ್ತು."

ಸುಬ್ಬಣ್ಣ ಇದನ್ನು ಹೊಗಳಿಕೆಯೆಂದೇ ಸ್ವೀಕರಿಸಿದ.

ಎರಡನೆಯ ಗೇಮ್ ಲಿನ್ ಡಾನ್ 21–13. ಮೂರನೆಯದರಲ್ಲಿ ಲೀ ಕಾಲುಗಳು ಸೆಟೆದುಕೊಳ್ಳತೊಡಗಿದವು. ಹಿಂದೆ ಓಡಬೇಕಾದ ಕಡೆ ಕುಂಟುವ ಸ್ಥಿತಿ, ಮುಂದೆ ಚಾಚಬೇಕಾದ ಕಡೆ ಮಂಡಿ ಊರುವ ಸ್ಥಿತಿ. ಆದರೂ ಬಿಡಲಿಲ್ಲ ಆ ಪುಣ್ಯಾತ್ಮ. 17–20. ಒಂದೇ ಪಾಯಿಂಟು ಉಳಿದಿರುವಾಗ ಇನ್ನು ಆಗುವುದಿಲ್ಲವೆಂದು ಅಂಗಣದಲ್ಲೇ ಕುಸಿದ. ಸ್ಟ್ರೆಚರ್ ತಂದು ಎತ್ತಿಕೊಂಡು ಹೋದರು. ಲಿನ್ ಡಾನ್‌ಗೆ ಐದನೆಯ ವಿಶ್ವ ಕಿರೀಟ, ಗೆಲ್ಲುವ ಕೊನೆಯ ಹೊಡೆತವನ್ನು ಹೊಡೆಯದೆಯೇ.

"ಈಗಲಾದರೂ ಒಪ್ಪಿಕೊಳ್ಳಿ, ಇದು ಮೋಸ" ಎಂದರು ಡಾಕ್ಟರು.

"ಎ.ಸಿ. ಯಾರು ಆರಿಸಿದರು ಎಂದು ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಆದರೆ 20–17ರ ತನಕ ಹೋದದ್ದು ಎ.ಸಿ.ಯಿಂದಲ್ಲ, ಆಟದಿಂದ."

ಇಲ್ಲಿ ನಾನೂ ಬಾಯಿ ಹಾಕಿದೆ. ನನ್ನ ಪ್ರಕಾರ ಲಿನ್ ಡಾನ್‌ನ ದೊಡ್ಡಸ್ತಿಕೆ ಸ್ಮ್ಯಾಷ್‌ನಲ್ಲಿರಲಿಲ್ಲ, ಹಚ್ಚೆಯಲ್ಲಂತೂ ಅಲ್ಲ. ಅಥೆನ್ಸಿನಲ್ಲಿ ತಿಂದ ಏಟಿನ ನಂತರ ಅವನಿಗೆ ಯಾವ ಪಂದ್ಯದ ಬೆಲೆ ಎಷ್ಟು ಎಂಬ ಲೆಕ್ಕ ಸಿಕ್ಕಿಬಿಟ್ಟಿತು. ಜನವರಿಯ ಯಾವುದೋ ಟೂರ್ನಿಯಲ್ಲಿ ಸೋತರೆ ಅವನಿಗೆ ನಿದ್ದೆ ಕೆಡುತ್ತಿರಲಿಲ್ಲ. ನಾಲ್ಕು ವರ್ಷಕ್ಕೊಮ್ಮೆ ಬರುವ ಆಗಸ್ಟ್‌ನಲ್ಲಿ ಅವನು ಬೇರೆಯೇ ಮನುಷ್ಯ. ಅಂಗಣದಲ್ಲೂ ಅಷ್ಟೇ. ಮೊದಲ ಗೇಮ್ ಹೋದರೆ ಹೋಗಲಿ ಎಂಬಂತೆ ಎದುರಾಳಿಯನ್ನು ಮೂಲೆಯಿಂದ ಮೂಲೆಗೆ ಓಡಿಸಿ ಕಾಲು ಬಳಲಿಸುತ್ತಾನೆ. 2011, 2012, 2013, ಈ ಮೂರು ಫೈನಲ್‌ಗಳಲ್ಲೂ ಮೊದಲ ಗೇಮ್ ಲೀದು, ಕಪ್ಪು ಲಿನ್‌ದು. ಲೀ ಒಳ್ಳೆಯವನು, ಪ್ರತಿ ಪಂದ್ಯವನ್ನೂ ಕೊನೆಯ ಪಂದ್ಯವೆಂಬಂತೆ ಆಡಿದ. ಅದಕ್ಕೇ ಕೊನೆಯ ಪಂದ್ಯಕ್ಕೆ ಅವನಲ್ಲಿ ಸ್ವಲ್ಪ ಕಡಿಮೆ ಉಳಿಯುತ್ತಿತ್ತು.

"ಅಂದರೆ ಸೋಮಾರಿತನ ಒಂದು ಕಲೆ ಎನ್ನುತ್ತೀರಿ" ಎಂದ ಸುಬ್ಬಣ್ಣ, ಬಹಳ ಆಸಕ್ತಿಯಿಂದ.

"ಸೋಮಾರಿಗೆ ಒಂಬತ್ತು ಪ್ರಶಸ್ತಿ ಬರುವುದಿಲ್ಲ ಕಣೋ" ಎಂದರು ರಾಯರು, ಎಲ್ಲರಿಗೂ ಆಶ್ಚರ್ಯವಾಗುವಂತೆ. ಒಲಿಂಪಿಕ್ಸ್, ವಿಶ್ವ ಚಾಂಪಿಯನ್‌ಷಿಪ್, ವಿಶ್ವಕಪ್, ಥಾಮಸ್ ಕಪ್, ಮಿಶ್ರ ತಂಡಗಳ ಸುದಿರ್ಮನ್ ಕಪ್, ಏಷ್ಯನ್ ಗೇಮ್ಸ್, ಏಷ್ಯನ್ ಚಾಂಪಿಯನ್‌ಷಿಪ್, ಆಲ್ ಇಂಗ್ಲೆಂಡ್, ಸೂಪರ್ ಸೀರೀಸ್ ಫೈನಲ್. ಇಪ್ಪತ್ತೆಂಟನೆಯ ವಯಸ್ಸಿಗೆ ಒಂಬತ್ತನ್ನೂ ಮುಗಿಸಿದ್ದ. ರಾಯರು ಬೆರಳು ಮಡಚಿ ಎಣಿಸಿದರು. ವಿರೋಧ ಪಕ್ಷದವರು ಬಜೆಟ್ ಹೊಗಳಿದಾಗ ಆಗುವಂಥ ಮೌನ ಮೇಜಿನ ಸುತ್ತ ಆವರಿಸಿತು.

ರಾಯರು ಮರುಕ್ಷಣವೇ ಸರಿದಾರಿಗೆ ಬಂದರು. "ಆದರೆ ನಮ್ಮ ಶ್ರೀಕಾಂತ್ ಅವನನ್ನು ಅವನ ಮನೆಯಂಗಳದಲ್ಲೇ ಹೊಡೆದ!"

ಅದು 2014ರ ನವೆಂಬರ್. ಚೀನಾ ಓಪನ್ ಫೈನಲ್. ಜಾಗ ಫುಝೌ, ಅಂದರೆ ಲಿನ್ ಡಾನ್ ಹುಟ್ಟಿದ ಫ್ಯೂಜಿಯನ್ ಪ್ರಾಂತ್ಯದ ರಾಜಧಾನಿ. ಜನ ಬಂದದ್ದೇ ಊರಿನ ಮಗ ಕಪ್ಪು ಎತ್ತುವುದನ್ನು ನೋಡಲು. ಕಿದಂಬಿ ಶ್ರೀಕಾಂತ್ ಎಂಬ ಇಪ್ಪತ್ತೊಂದರ ಹುಡುಗ 21–19, 21–17ರಲ್ಲಿ ಆ ಕಾರ್ಯಕ್ರಮವನ್ನು ರದ್ದು ಮಾಡಿದ. ಅದೇ ದಿನ ಅದೇ ಊರಿನಲ್ಲಿ ಮಹಿಳೆಯರ ಕಪ್ ಸೈನಾ ನೆಹ್ವಾಲ್‌ಗೆ. ಸೈನಾ ಅದಕ್ಕೆ ಕೆಲವೇ ತಿಂಗಳ ಮೊದಲು ತರಬೇತಿಗೆಂದು ಬೆಂಗಳೂರಿನ ಪಡುಕೋಣೆ ಅಕಾಡೆಮಿಗೆ, ವಿಮಲ್ ಕುಮಾರ್ ಬಳಿಗೆ ಬಂದಿದ್ದಳು. ಹೀಗಾಗಿ ಆ ಕಪ್ಪಿನ ಅರ್ಧ ಪಾಲು ಬೆಂಗಳೂರಿನದು ಎಂದು ರಾಯರ ವಾದ. ಉಳಿದರ್ಧವನ್ನು ಹೈದರಾಬಾದಿಗೆ ಬಿಟ್ಟುಕೊಡುವಷ್ಟು ಉದಾರತೆ ಅವರಿಗಿದೆ.

"ಪ್ರಣಯ್‌ನನ್ನು ಮರೆಯಬೇಡಿ" ಎಂದರು ವನಜಕ್ಕ. "ಎಚ್‌.ಎಸ್‌. ಪ್ರಣಯ್ 2018ರ ಇಂಡೊನೇಷ್ಯಾ ಓಪನ್‌ನಲ್ಲೂ ಲಿನ್ ಡಾನ್‌ನನ್ನು ಸೋಲಿಸಿದ, 2019ರಲ್ಲಿ ಬಾಸೆಲ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲೂ ಸೋಲಿಸಿದ."

"ಆಗ ಅವನಿಗೆ ಮೂವತ್ತೈದಾಗಿತ್ತಲ್ಲ" ಎಂದು ಮೇಷ್ಟರು ಗೊಣಗಿದರು.

"ಸೋಲಿಗೆ ಜನ್ಮ ದಿನಾಂಕದ ಪ್ರಮಾಣಪತ್ರ ಲಗತ್ತಿಸಬೇಕೇ?" ಎಂದ ಸುಬ್ಬಣ್ಣ. ಕಚೇರಿ ಅವನನ್ನು ಬಿಡುವುದಿಲ್ಲ.

ಆಮೇಲೆ ರಿಯೊ. 2016. ಕ್ವಾರ್ಟರ್ ಫೈನಲ್‌ನಲ್ಲಿ ಇದೇ ಶ್ರೀಕಾಂತ್ ಮೊದಲ ಗೇಮ್‌ನಲ್ಲಿ 6 ಪಾಯಿಂಟಿಗೆ ಮುದುಡಿ ಹೋದ. ಎಲ್ಲ ಮುಗಿಯಿತು ಎನ್ನುವಾಗ ಎರಡನೆಯದನ್ನು 21–11ರಲ್ಲಿ ಕಸಿದುಕೊಂಡ. ಮೂರನೆಯದು 18–21. ರಾಯರು ಆ ದಿನ ಟಿವಿಯ ಮುಂದೆ ಕುಳಿತು ಪ್ರತಿ ಪಾಯಿಂಟಿಗೂ ಕುರ್ಚಿ ಬದಲಿಸಿದರೆಂದು ಅವರ ಮನೆಯವರು ಹೇಳುತ್ತಾರೆ. ಕೊನೆಗೆ ಯಾವ ಕುರ್ಚಿಯೂ ಆಗಿಬರಲಿಲ್ಲ.

ಸೆಮಿಫೈನಲ್‌ನಲ್ಲಿ ಮತ್ತೆ ಲಿನ್ ಮತ್ತು ಲೀ. ಒಬ್ಬನಿಗೆ ಮೂವತ್ತೆರಡು, ಇನ್ನೊಬ್ಬನಿಗೆ ಮೂವತ್ಮೂರು. ಮೊದಲ ಗೇಮ್ ಈ ಸಲ ಲಿನ್‌ಗೆ, 21–15. ಡಾಕ್ಟರಿಗೆ ಆಗಲೇ ಅನುಮಾನ ಬಂತಂತೆ, ಕ್ರಮ ತಿರುಗಿದೆ, ಇದು ಶುಭ ಶಕುನ ಎಂದು. ಎರಡನೆಯದು ಲೀ 21–11. ಮೂರನೆಯದರಲ್ಲಿ ಇಬ್ಬರೂ ಹಲ್ಲು ಕಚ್ಚಿ ಆಡಿದರು. 20–20. ಆಮೇಲೆ ಲೀ 22–20. ನೆಟ್ ದಾಟಿ ಬಂದು ಇಬ್ಬರೂ ಅಪ್ಪಿಕೊಂಡು ನಿಂತದ್ದನ್ನು ಡಾಕ್ಟರು ವಿವರಿಸುವಾಗ ಕಣ್ಣು ಒದ್ದೆಯಾಗುತ್ತದೆ. ನಾವು ಯಾರೂ ಅದನ್ನು ನೋಡಿಲ್ಲವೆಂದು ನಟಿಸುತ್ತೇವೆ.

"ಕೊನೆಗೂ ಗೆದ್ದನಲ್ಲ! ಚಿನ್ನ ಸಿಕ್ಕಿತಲ್ಲ!" ಎಂದು ಸುಬ್ಬಣ್ಣ ಚಪ್ಪಾಳೆ ತಟ್ಟಿದ.

"ಫೈನಲ್‌ನಲ್ಲಿ ಚೆನ್ ಲಾಂಗ್ ಎದುರು 18–21, 18–21" ಎಂದರು ಡಾಕ್ಟರು.

ಸುಬ್ಬಣ್ಣನ ಕೈ ಗಾಳಿಯಲ್ಲೇ ನಿಂತಿತು. ಲಿನ್ ಡಾನ್‌ಗೂ ಆ ಸಲ ಏನೂ ಸಿಗಲಿಲ್ಲ. ಕಂಚಿನ ಪಂದ್ಯದಲ್ಲಿ ಡೆನ್ಮಾರ್ಕಿನ ವಿಕ್ಟರ್ ಅಕ್ಸೆಲ್ಸನ್ ಎಂಬ ಗಣೆಯಂಥ ಹುಡುಗ ಅವನನ್ನು ಮೂರು ಗೇಮಿನಲ್ಲಿ ಸೋಲಿಸಿದ. ಮರುವರ್ಷ ಗ್ಲಾಸ್ಗೊದ ವಿಶ್ವ ಫೈನಲ್‌ನಲ್ಲೂ ಆ ಅಕ್ಸೆಲ್ಸನ್‌ನದೇ ಮೇಲುಗೈ. 2018ರ ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ ಸೋಲಿಸಿದವನು ಸ್ವಂತ ತಂಡದ ಕಿರಿಯ ಶಿ ಯುಕಿ. ಆದರೆ ಈ ಇಳಿಗಾಲದಲ್ಲೂ ಲಿನ್ ಡಾನ್ 2017ರಲ್ಲಿ ಮಲೇಷ್ಯಾ ಓಪನ್ ಫೈನಲ್‌ನಲ್ಲಿ ಲೀಯನ್ನು ಅವನ ನೆಲದಲ್ಲೇ ಸೋಲಿಸಿದ. ಸಂಗ್ರಹದಲ್ಲಿ ಬಾಕಿ ಇದ್ದ ಕಪ್ಪು ಅದು. 2019ರಲ್ಲಿ ಅದನ್ನೇ ಇನ್ನೊಮ್ಮೆ ಗೆದ್ದ. ಆ ಜೂನ್‌ನಲ್ಲಿ ಮೂಗಿನ ಕ್ಯಾನ್ಸರಿನಿಂದ ಚೇತರಿಸಿಕೊಳ್ಳುತ್ತಿದ್ದ ಲೀ ನಿವೃತ್ತನಾದ. ಟೋಕಿಯೊ ಒಲಿಂಪಿಕ್ಸ್ ಒಂದು ವರ್ಷ ಮುಂದೆ ಹೋದಾಗ ಲಿನ್ ಡಾನ್ ಕೂಡ ಮೂವತ್ತಾರಕ್ಕೆ ಸಾಕೆಂದ.

"ಒಟ್ಟು ಲೆಕ್ಕ ಹೇಳಿಬಿಡುತ್ತೇನೆ" ಎಂದರು ಮೇಷ್ಟರು, ನ್ಯಾಪ್ಕಿನ್ನಿನಲ್ಲಿ ಉಳಿದಿದ್ದ ಚೂರು ಜಾಗದಲ್ಲಿ. "ನಲವತ್ತು ಸಲ ಎದುರಾದರು. ಲಿನ್ 28, ಲೀ 12. ನೂರಕ್ಕೆ ಎಪ್ಪತ್ತು. ಪ್ರಥಮ ದರ್ಜೆ."

"ಡಿಸ್ಟಿಂಕ್ಷನ್‌ಗೆ ಐದು ಕಡಿಮೆ" ಎಂದರು ಡಾಕ್ಟರು.

"ನಿಮ್ಮವನಿಗೆ ಮೂವತ್ತು. ನಮ್ಮ ಕಾಲದಲ್ಲಿ ಪಾಸಾಗಲು ಮೂವತ್ತೈದು ಬೇಕಿತ್ತು."

"ಗ್ರೇಸ್ ಮಾರ್ಕ್ಸ್ ಕೊಡಿ ಮೇಷ್ಟರೇ, ಎ.ಸಿ. ಲೆಕ್ಕದಲ್ಲಿ" ಎಂದರು ವನಜಕ್ಕ.

ಡಾಕ್ಟರು ನಗಲಿಲ್ಲ. ಅವರ ಬಳಿ ಒಂದು ಅಸ್ತ್ರ ಉಳಿದಿತ್ತು. "2023ರಲ್ಲಿ ವಿಶ್ವ ಬ್ಯಾಡ್ಮಿಂಟನ್ ಫೆಡರೇಷನ್ ತನ್ನ ಹಾಲ್ ಆಫ್ ಫೇಮ್‌ಗೆ ಯಾರನ್ನು ಸೇರಿಸಿತು? ಇಬ್ಬರನ್ನೂ, ಒಟ್ಟಿಗೆ, ಒಂದೇ ದಿನ. ಅದೂ ಕ್ವಾಲಾಲಂಪುರದಲ್ಲಿ, ಲೀಯ ಸ್ವಂತ ದೇಶದಲ್ಲಿ. ಅಲ್ಲಿ 28 ಇಲ್ಲ, 12 ಇಲ್ಲ. ಸಮ ಸಮ."

ಮೇಷ್ಟರು ಪೆನ್ನು ಜೇಬಿಗಿಟ್ಟರು. ಉತ್ತರ ಹುಡುಕುತ್ತಿದ್ದರೆಂದು ಕಾಣುತ್ತದೆ. ಅಷ್ಟರಲ್ಲಿ ಸುಬ್ಬಣ್ಣ ಲೋಟ ಬರಿದು ಮಾಡಿ ಕೇಳಿದ, "ಲೀ ಊರೇ ಅಂದಮೇಲೆ, ಅವತ್ತು ಎ.ಸಿ. ಸ್ವಿಚ್ಚು ಯಾರ ಕೈಯಲ್ಲಿತ್ತು?"